ಸರಕು ಸಾಗಣೆಯೂ ಇಂಗಾಲಾಮ್ಲವೂ: ಹೊಸಕೋಟೆಯ ನಾಲ್ಕು ಹಾದಿಗಳು

ಸರಕನ್ನು ಒಂದೆಡೆಯಿಂದ ಇನ್ನೊಂದೆಡೆಗೆ ಒಯ್ಯುವ ಕಾರ್ಯವನ್ನು ಅಳೆಯುವುದಕ್ಕೆ ಭಾರ, ದೂರ ಎಂಬ ಎರಡು ಮಾನಗಳು ಬೇಕು. ಎತ್ತಿನ ಬೆನ್ನಿನ ಮೇಲೆ ಧಾನ್ಯವೂ ಉಪ್ಪೂ ಸಾಗುತ್ತಿದ್ದ ಕಾಲದಲ್ಲಿ ಕನ್ನಡಿಗರು ಭಾರವನ್ನು ಹೇರಿನಿಂದಲೂ ದೂರವನ್ನು ಗಾವುದದಿಂದಲೂ ಎಣಿಸುತ್ತಿದ್ದರು. ಈಗಿನ ಶಾಸ್ತ್ರಜ್ಞರು ಇವೆರಡನ್ನೂ ಗುಣಿಸಿ ಟನ್-ಕಿಲೊಮೀಟರು ಎಂಬ ಒಂದೇ ಮಾನವನ್ನು ಮಾಡಿಕೊಂಡಿದ್ದಾರೆ. ಒಂದು ಟನ್ನು ಸರಕು ಒಂದು ಕಿಲೊಮೀಟರು ಸಾಗಿದರೆ ಅದು ಒಂದು ಟನ್-ಕಿಲೊಮೀಟರು. ಅಷ್ಟು ಕೆಲಸಕ್ಕೆ ಎಷ್ಟು ಇಂಗಾಲಾಮ್ಲ ವಾಯು ಹೊರಬೀಳುತ್ತದೆ ಎಂಬುದು ಪ್ರಕೃತ ವಿಚಾರ. ಪಾಠಪುಸ್ತಕಗಳಲ್ಲಿ ಈಗ ಇಂಗಾಲದ ಡೈಆಕ್ಸೈಡೆಂದು ಕರೆಯಲ್ಪಡುವ ಈ ವಾಯುವೇ ಭೂಮಂಡಲದ ತಾಪವು ಏರುತ್ತಿರುವುದಕ್ಕೆ ಮುಖ್ಯ ಕಾರಣವಾದುದರಿಂದ, ಇದು ವರ್ತಕರ ಲೆಕ್ಕಕ್ಕೆ ಮಾತ್ರ ಸೇರಿದ ವಿಷಯವಲ್ಲ.

ಈ ವಿಚಾರದ ಪರಿಶೀಲನೆಗೆ ಬೆಂಗಳೂರಿನ ಪೂರ್ವಕ್ಕಿರುವ ಹೊಸಕೋಟೆಯು ತಕ್ಕ ಸ್ಥಳವಾಗಿದೆ. ಹಳೆಯ ಮದರಾಸು ರಸ್ತೆಯು ಈ ಪಟ್ಟಣದ ಮೂಲಕವೇ ಹಾದುಹೋಗುತ್ತದೆ. ಬೆಂಗಳೂರಿಗೆ 1864ರಲ್ಲಿ ಬಂದ ರೈಲುಹಾದಿಯು ಪಟ್ಟಣಕ್ಕೆ ದಕ್ಷಿಣದಲ್ಲಿ, ಮಾಲೂರು, ದೇವನಗೊಂದಿ, ವೈಟ್‌ಫೀಲ್ಡುಗಳ ಮಾರ್ಗವಾಗಿ ಸಾಗುತ್ತದೆ. ಅದೇ ದೇವನಗೊಂದಿಯಲ್ಲಿ ತೈಲದ ಕೊಳವೆಮಾರ್ಗಗಳು ಬಂದು ಸೇರುತ್ತವೆ. ಉತ್ತರದ ದೇವನಹಳ್ಳಿಯಲ್ಲಿ 2008ರಿಂದ ವಿಮಾನ ನಿಲ್ದಾಣವಿದೆ. ಹೀಗೆ ರಸ್ತೆ, ಕೊಳವೆ, ರೈಲು, ಆಕಾಶ ಎಂಬ ನಾಲ್ಕು ಹಾದಿಗಳೂ ಇಲ್ಲಿ ಅಕ್ಕಪಕ್ಕದಲ್ಲಿರುವುದರಿಂದ ಒಂದನ್ನೊಂದರೊಡನೆ ಹೋಲಿಸಿ ನೋಡುವುದು ಸುಲಭ.

ಮೊದಲು ರಸ್ತೆ. ಒಂದು ಲೀಟರು ಡೀಸೆಲಿನ ತೂಕ ಸುಮಾರು 0.84 ಕಿಲೋಗ್ರಾಂ. ಅದರಲ್ಲಿ ಶೇಕಡ 86ರಷ್ಟು ಇಂಗಾಲ. ಉರಿಯುವಾಗ 12 ಪಾಲು ಇಂಗಾಲವು 32 ಪಾಲು ಆಮ್ಲಜನಕದೊಡನೆ ಕೂಡಿ 44 ಪಾಲು ಇಂಗಾಲಾಮ್ಲವಾಗುತ್ತದೆ. ಆದಕಾರಣ ಒಂದು ಲೀಟರು ಡೀಸೆಲು ಸುಮಾರು 2.65 ಕಿಲೋಗ್ರಾಂ ಇಂಗಾಲಾಮ್ಲವನ್ನು ಕೊಡುತ್ತದೆ. ಇಪ್ಪತ್ತು ಟನ್ನು ಸರಕು ಹೇರಿದ ಲಾರಿಯೊಂದು ಹೊಸಕೋಟೆಯಿಂದ ಚೆನ್ನೈಗೆ, ಸುಮಾರು 300 ಕಿಲೊಮೀಟರು ದೂರ, ಲೀಟರಿಗೆ 4 ಕಿಲೊಮೀಟರಿನಂತೆ ಹೋಯಿತೆಂದು ಭಾವಿಸಿದರೆ 75 ಲೀಟರು ಡೀಸೆಲು ವೆಚ್ಚವಾಗುತ್ತದೆ. ಟನ್-ಕಿಲೊಮೀಟರಿಗೆ ಸುಮಾರು 33 ಗ್ರಾಂ ಇಂಗಾಲಾಮ್ಲವೆಂದಾಯಿತು. ಆದರೆ ಅದೇ ಲಾರಿಯು ಬರಿದಾಗಿ ಮರಳುವಾಗ, ಲೀಟರಿಗೆ 6 ಕಿಲೊಮೀಟರಿನಂತೆ, ಇನ್ನೂ 50 ಲೀಟರು ಉರಿಯುತ್ತದೆ. ಆಗ ಲೆಕ್ಕವು 55 ಗ್ರಾಮಿಗೆ ಏರುತ್ತದೆ. ಒಟ್ಟು ತೈಲದಲ್ಲಿ ಐದರಲ್ಲಿ ಎರಡು ಪಾಲು ಯಾವ ಸರಕನ್ನೂ ಒಯ್ಯದೆ ವ್ಯಯವಾಯಿತೆಂಬುದನ್ನು ಇಲ್ಲಿ ಗಮನಿಸಬೇಕು. ಹೊಸ ಯಂತ್ರವನ್ನು ಕೊಳ್ಳದೆಯೇ, ಮರಳುವ ಲಾರಿಗೆ ಹೊರೆ ದೊರಕಿಸಿಕೊಡುವುದರಿಂದ ಆಗುವ ಉಳಿತಾಯವು ಅಲ್ಪವಲ್ಲ.

ಎರಡನೆಯದಾದ ಕೊಳವೆಮಾರ್ಗದಲ್ಲಿ ಈ ದೋಷವೇ ಇಲ್ಲ. ಮಂಗಳೂರಿನಿಂದ ಹಾಸನದ ಮೂಲಕ ದೇವನಗೊಂದಿಗೆ ಬರುವ 362 ಕಿಲೊಮೀಟರು ಉದ್ದದ ಕೊಳವೆಯು 2003ರಲ್ಲಿ ಕೆಲಸಮಾಡತೊಡಗಿತು. ಇಲ್ಲದಿದ್ದರೆ ಈ ತೈಲವು ಟ್ಯಾಂಕರುಗಳಲ್ಲಿ ಘಟ್ಟವನ್ನು ಹತ್ತಬೇಕಾಗುತ್ತಿತ್ತು. ಟ್ಯಾಂಕರುಗಳಿಗೆ ಮರಳಿ ಒಯ್ಯಲು ಬೇರೆ ಸರಕು ದೊರೆಯುವಂತಿಲ್ಲವಾದುದರಿಂದ ಅವು ಬರಿದಾಗಿಯೇ ಇಳಿಯಬೇಕಾಗುತ್ತಿತ್ತು. ಕೊಳವೆಯಲ್ಲಿ ಚಲಿಸುವುದು ಸರಕು ಮಾತ್ರ. ಅದನ್ನು ಹೊತ್ತ ಪಾತ್ರೆ ನೆಲದೊಳಗೆ ನಿಂತಲ್ಲಿಯೇ ಇರುತ್ತದೆ. ದೇವನಗೊಂದಿಯಿಂದ ದೇವನಹಳ್ಳಿಗೆ ವಿಮಾನದ ಇಂಧನವೂ ಸುಮಾರು 36 ಕಿಲೊಮೀಟರಿನ ಕೊಳವೆಯಲ್ಲಿಯೇ ಹೋಗುತ್ತದೆ. ಅತ್ಯಂತ ಮಿತವ್ಯಯದ ಹಾದಿಯಲ್ಲಿ ಬಂದ ಇಂಧನವು ಅತ್ಯಂತ ದುಂದಿನ ಹಾದಿಯಲ್ಲಿ ಉರಿಯುವುದಕ್ಕೆ ಹೋಗುತ್ತದೆಂಬುದು ವಿಚಿತ್ರವಾದರೂ ಸತ್ಯ.

ಮೂರನೆಯದು ರೈಲು. ಉಕ್ಕಿನ ಹಳಿಯ ಮೇಲೆ ಉರುಳುವ ಉಕ್ಕಿನ ಗಾಲಿಗೆ ಆಗುವ ತಡೆಯು ರಸ್ತೆಯ ಮೇಲಿನ ರಬ್ಬರು ಗಾಲಿಗೆ ಆಗುವುದಕ್ಕಿಂತ ಹಲವು ಪಾಲು ಕಡಿಮೆ. ಹೀಗಿದ್ದರೂ ನೀತಿ ಆಯೋಗದ 2021ರ ವರದಿಯಂತೆ ಭಾರತದ ಸರಕಿನಲ್ಲಿ ಶೇಕಡ 70ರಷ್ಟು ರಸ್ತೆಯನ್ನೂ ಶೇಕಡ 18ರಷ್ಟು ಮಾತ್ರ ರೈಲನ್ನೂ ಆಶ್ರಯಿಸಿತ್ತು. ಇದಕ್ಕೆ ಕಾರಣವೂ ಇದೆ: ರೈಲು ಉಗ್ರಾಣದ ಬಾಗಿಲಿಗೆ ಬಾರದು. ಎರಡು ಕೊನೆಗಳಲ್ಲಿಯೂ ಇಳಿಸಿ ಏರಿಸುವ ವೆಚ್ಚವೂ ವಿಳಂಬವೂ ಇರುತ್ತವೆ. ಈ ತೊಡಕಿಗೆ ಎರಡು ಬಗೆಯ ಪರಿಹಾರಗಳು ಕಂಡುಬಂದಿವೆ. ಬೆಂಗಳೂರಿನ ಪಶ್ಚಿಮಕ್ಕಿರುವ ನೆಲಮಂಗಲದಿಂದ ಸೋಲಾಪುರದ ಬಳಿಯ ಬಾಳೆಗೆ, 682 ಕಿಲೊಮೀಟರು, ಲಾರಿಗಳನ್ನೇ ರೈಲಿನ ಮೇಲೆ ಏರಿಸಿ ಒಯ್ಯುವ ಏರ್ಪಾಡು 2020ರ ಆಗಸ್ಟ್ 30ರಂದು ಮೊದಲಾಯಿತು. ಒಂದು ರೈಲಿಗೆ 42 ಲಾರಿಗಳು. ಇದರಲ್ಲಿ ಇಳಿಸಿ ಏರಿಸುವ ತೊಂದರೆ ತಪ್ಪಿತಾದರೂ ಲಾರಿಯ ತೂಕವೆಲ್ಲವೂ ಸರಕಿನೊಡನೆ ಪಯಣಿಸಬೇಕಾಗುತ್ತದೆ. ಕಂಟೇನರು ಈ ದೃಷ್ಟಿಯಿಂದ ಮೇಲು. ಹೊಸಕೋಟೆಗೆ ಸಮೀಪದ ವೈಟ್‌ಫೀಲ್ಡಿನಲ್ಲಿ ಕಂಟೇನರು ಡಿಪೋ ಇರುವುದರಿಂದ, ಲಾರಿಯು ಅಲ್ಲಿಯವರೆಗೆ ಮಾತ್ರ ಹೋಗಿ ಉಳಿದ ದೂರವನ್ನು ರೈಲಿಗೆ ಒಪ್ಪಿಸಬಹುದು.

ನಾಲ್ಕನೆಯದಾದ ಆಕಾಶಮಾರ್ಗದಲ್ಲಿ ಒಂದು ಕಿಲೋಗ್ರಾಂ ಇಂಧನವು 3.16 ಕಿಲೋಗ್ರಾಂ ಇಂಗಾಲಾಮ್ಲವನ್ನು ಕೊಡುತ್ತದೆ. ದೂರದ ಯಾನದಲ್ಲಿಯೂ ಟನ್-ಕಿಲೊಮೀಟರಿಗೆ 500 ಗ್ರಾಂ ಅಥವಾ ಅದಕ್ಕೂ ಹೆಚ್ಚೆಂದು ಎಣಿಸುವುದು ವಾಡಿಕೆ. ಈ ಭಾಗದ ಗುಲಾಬಿಯು ಯೂರೋಪಿಗೆ ಸುಮಾರು 8,000 ಕಿಲೊಮೀಟರು ಹಾರಿದರೆ, ಒಂದು ಕಿಲೋಗ್ರಾಂ ಹೂವಿಗೆ ಸುಮಾರು 4 ಕಿಲೋಗ್ರಾಂ ಇಂಗಾಲಾಮ್ಲವು ಅಂಟಿಕೊಳ್ಳುತ್ತದೆ. ಇದರಿಂದ ಬೆಳೆಗಾರನನ್ನು ದೂಷಿಸುವುದು ನ್ಯಾಯವಲ್ಲ. ಬಾಡುವ ಪದಾರ್ಥಕ್ಕೆ ವೇಗವೇ ಪ್ರಾಣ. ಆದರೂ ಕೀನ್ಯಾ ದೇಶದವರು ಶೀತಲ ಕಂಟೇನರುಗಳಲ್ಲಿ ಗುಲಾಬಿಯನ್ನು ಮೊಂಬಾಸಾದಿಂದ ರಾಟರ್‌ಡ್ಯಾಮಿಗೆ ಹಡಗಿನಲ್ಲಿ ಕಳುಹಿಸಿರುವುದು ಇಲ್ಲಿ ಸ್ಮರಣಾರ್ಹ. ತಂಪನ್ನು ಕೆಡದಂತೆ ಕಾಯ್ದುಕೊಂಡರೆ ವೇಗದ ಅವಶ್ಯಕತೆಯು ಕೆಲಮಟ್ಟಿಗೆ ತಗ್ಗುತ್ತದೆ.

ಹೊಸ ಇಂಧನಗಳಿಂದಲೂ ಉಪಕಾರವುಂಟು. ಆದರೆ ಅದಕ್ಕೆ ಮಿತಿಯಿದೆ. ವಿದ್ಯುತ್ತಿನ ಲಾರಿಯು ಹೊಗೆ ಬಿಡದಿದ್ದರೂ ಅದರ ವಿದ್ಯುತ್ತು ಕಲ್ಲಿದ್ದಲಿನಿಂದ ಹುಟ್ಟಿದುದಾದರೆ ಹೊಗೆಯು ಸ್ಥಳವನ್ನು ಬದಲಿಸಿತೇ ಹೊರತು ಇಲ್ಲವಾಗಲಿಲ್ಲ. ಬಿಸಿಲು ಗಾಳಿಗಳಿಂದ ಹುಟ್ಟಿದುದಾದರೆ ಲಾಭವು ನಿಜವಾದುದು. ವಿಮಾನದ ಇಂಧನದಲ್ಲಿ ಸಸ್ಯಮೂಲ ಮೊದಲಾದ ಬದಲಿ ಇಂಧನಗಳನ್ನು ಬೆರೆಸುವ ಗುರಿಯನ್ನು ಭಾರತವು ಅಂತರರಾಷ್ಟ್ರೀಯ ಯಾನಗಳಿಗಾಗಿ 2027ಕ್ಕೆ ಶೇಕಡ 1, 2028ಕ್ಕೆ ಶೇಕಡ 2, 2030ಕ್ಕೆ ಶೇಕಡ 5 ಎಂದು ಇಟ್ಟುಕೊಂಡಿದೆ. ಗುರಿ ಸಂಪೂರ್ಣವಾಗಿ ಕೈಗೂಡಿದರೂ 2030ರಲ್ಲಿ ನೂರರಲ್ಲಿ ತೊಂಬತ್ತೈದು ಪಾಲು ಹಳೆಯ ಇಂಧನವೇ ಆಗಿರುತ್ತದೆ.

ಆದುದರಿಂದ ಯಾವ ಯಂತ್ರವೆಂಬ ಪ್ರಶ್ನೆಗಿಂತ ಯಾವ ಹಾದಿ, ಎಷ್ಟು ಹೊರೆ ಎಂಬ ಪ್ರಶ್ನೆಗಳೇ ಮುಂದಾಗಿ ಬರುತ್ತವೆ. ಚೆನ್ನೈಗೆ ಹೋಗುವ ಹೊಸ ವೇಗಮಾರ್ಗವು ಹೊಸಕೋಟೆಯ ಬಳಿಯಿಂದಲೇ ಹೊರಡುತ್ತದೆ. ಕರ್ನಾಟಕದಲ್ಲಿರುವ ಅದರ 71 ಕಿಲೊಮೀಟರು ಭಾಗದಲ್ಲಿ 2024ರ ಕೊನೆಯಲ್ಲಿ ಸಂಚಾರ ಮೊದಲಾಯಿತು. ದಾರಿ ಸುಗಮವಾದಷ್ಟೂ ಲಾರಿಗೆ ಸರಕು ಒಲಿಯುವುದು ಸಹಜ. ಇಲ್ಲಿ ಏಳುವ ಉಗ್ರಾಣಗಳು ವೇಗಮಾರ್ಗವೊಂದಕ್ಕೇ ಮುಖಮಾಡಿ ನಿಂತರೆ, ಅವುಗಳ ಆಯುಸ್ಸು ಮುಗಿಯುವವರೆಗೆ ಅವುಗಳ ಸರಕು ಲಾರಿಯನ್ನು ಬಿಡಲಾರದು. ದಕ್ಷಿಣದ ರೈಲುಹಾದಿಗೂ ಕೈಚಾಚುವಂತೆ ಕಟ್ಟಲ್ಪಟ್ಟರೆ ಮುಂದಿನ ತಲೆಮಾರಿಗೆ ಆಯ್ಕೆಯಾದರೂ ಉಳಿಯುತ್ತದೆ. ಈ ನಿರ್ಧಾರವು ಸಾರಿಗೆಯ ಕಚೇರಿಯಲ್ಲಿ ಆಗುವುದಕ್ಕಿಂತ ಹೆಚ್ಚಾಗಿ, ಉಗ್ರಾಣಕ್ಕೆ ನಿವೇಶನವನ್ನು ಗೊತ್ತುಮಾಡುವ ದಿನದಂದೇ ಆಗಿಹೋಗುತ್ತದೆ.