ಗೋಡೆಯ ಬಣ್ಣದ ಗುಟ್ಟು ಹೇಳುವ ಸ್ಪಿರಿಟ್

1942ರ ಆರಂಭದಲ್ಲಿ ಜಪಾನಿನ ಸೇನೆ ಮಲಯ ಮತ್ತು ಡಚ್ ಈಸ್ಟ್ ಇಂಡೀಸ್‌ನ ರಬ್ಬರ್ ತೋಟಗಳನ್ನು ವಶಪಡಿಸಿಕೊಂಡಿತು. ಅಮೆರಿಕಕ್ಕೆ ಬರುತ್ತಿದ್ದ ರಬ್ಬರಿನಲ್ಲಿ ಸುಮಾರು ಶೇ. 90ರಷ್ಟು ಆ ಸೀಮೆಯದೇ. ಟೈರಿಲ್ಲದೆ ಯುದ್ಧ ನಡೆಯುವುದುಂಟೆ? ಸರ್ಕಾರ ಹಣ ಸುರಿದು, ಸ್ಟೈರೀನ್ ಮತ್ತು ಬ್ಯೂಟಡೈನ್ ಸೇರಿಸಿ ಕೃತಕ ರಬ್ಬರ್ ಮಾಡುವ ಕಾರ್ಖಾನೆಗಳನ್ನು ಎಬ್ಬಿಸಿತು. ಸಾಬೂನು ನೀರಿನಲ್ಲಿ ಇವೆರಡನ್ನೂ ಕೂಡಿಸಿದರೆ ಹಾಲಿನಂಥ ದ್ರವ ಬರುತ್ತದೆ. ಅದನ್ನು ಒಡೆಸಿದರೆ ರಬ್ಬರ್.

ಯುದ್ಧ ಮುಗಿದ ಮೇಲೂ ಕಾರ್ಖಾನೆಗಳು ಉಳಿದವು. ಆ ಹಾಲನ್ನು ಒಡೆಸದೆ ಗೋಡೆಗೇ ಬಳಿದರೆ ಹೇಗೆ? ಟೈರಿನ ರಬ್ಬರಿನಲ್ಲಿ ಬ್ಯೂಟಡೈನ್ ಪಾಲು ಹೆಚ್ಚು, ಹಾಗಾಗಿ ಅದು ಮೆತ್ತಗೆ. ಅಳತೆಯನ್ನು ತಿರುಗಿಸಿ ಸ್ಟೈರೀನ್ ಹೆಚ್ಚಿಸಿದಾಗ ಗೋಡೆಗೆ ಬೇಕಾದ ಗಟ್ಟಿ ಪದರ ಸಿಕ್ಕಿತು. 1948ರಲ್ಲಿ ಕ್ಲೀವ್‌ಲ್ಯಾಂಡಿನ ಗ್ಲಿಡನ್ ಕಂಪನಿ ಅದನ್ನು ‘ಸ್ಪ್ರೆಡ್ ಸ್ಯಾಟಿನ್’ ಹೆಸರಿನಲ್ಲಿ ಮಾರಾಟಕ್ಕಿಟ್ಟಿತು. ಅದೇ ಊರಿನ ಶೆರ್ವಿನ್-ವಿಲಿಯಮ್ಸ್ 1941ರಲ್ಲೇ ನೀರು ಬೆರೆಸುವ ‘ಕೆಮ್-ಟೋನ್’ ತಂದಿತ್ತಾದರೂ ಅದರೊಳಗೆ ಎಣ್ಣೆಯ ಋಣ ಇನ್ನೂ ಹರಿದಿರಲಿಲ್ಲ. ಇನ್ನು ಯುದ್ಧವಿಮಾನಗಳ ಪಾರದರ್ಶಕ ಮುಚ್ಚಳಕ್ಕೆ ಅಕ್ರಿಲಿಕ್ ಒದಗಿಸುತ್ತಿದ್ದ ರೋಮ್ ಅಂಡ್ ಹಾಸ್ ಕಂಪನಿಗೆ ಶಾಂತಿಕಾಲದಲ್ಲಿ ಗಿರಾಕಿಗಳಿಲ್ಲದಂತಾಯಿತು. ಅದೂ ಬಣ್ಣದ ಕಡೆ ಹೊರಳಿ 1953ರಲ್ಲಿ ಪೂರ್ತಿ ಅಕ್ರಿಲಿಕ್ ಎಮಲ್ಷನ್ ತಂದಿತು. ಬಿಸಿಲು ಮಳೆಗೆ ಜಗ್ಗದೆ ನಿಂತದ್ದು ಇದು.

ತೊಡಕು ಶುರುವಾದದ್ದೂ ಆಗಲೇ. ಒಣಗಿ ವರ್ಷಗಳಾದ ಮೇಲೆ ಯಾವುದು ಎಣ್ಣೆಯದು, ಯಾವುದು ನೀರಿನದು ಎಂದು ಕಣ್ಣಿಗೆ ತಿಳಿಯದು. ಹಳೇ ಎನಾಮಲ್ ಮೇಲೆ ನೇರವಾಗಿ ಎಮಲ್ಷನ್ ಹೊಡೆದರೆ ಸ್ವಲ್ಪ ದಿನಕ್ಕೇ ಸಿಪ್ಪೆ ಸಿಪ್ಪೆಯಾಗಿ ಏಳುತ್ತದೆ.

ಉತ್ತರ ಅಡಗಿರುವುದು ಅವು ಒಣಗುವ ರೀತಿಯಲ್ಲಿ. ಅಗಸೆ ಎಣ್ಣೆಯ ಬಣ್ಣವಾಗಲಿ, ಇಂದಿನ ಎನಾಮಲ್ ಆಗಲಿ ಗಾಳಿಯ ಆಮ್ಲಜನಕ ಹೀರಿಕೊಂಡು ಅಣುಅಣುವಿಗೂ ಕೊಂಡಿ ಹಾಕಿಕೊಳ್ಳುತ್ತದೆ. ಒಮ್ಮೆ ಬಿಗಿದರೆ ಸ್ಪಿರಿಟ್‌ಗೆ ಬಗ್ಗುವುದಿಲ್ಲ. ಎಮಲ್ಷನ್ನಿನಲ್ಲಿ ನೀರು ಆರಿಹೋಗಿ ಪ್ಲಾಸ್ಟಿಕ್ ಕಣಗಳು ಒಂದಕ್ಕೊಂದು ಒತ್ತಿಕೊಂಡು ಅಂಟುತ್ತವೆ, ಅಷ್ಟೇ. ಅವನ್ನು ಸ್ಪಿರಿಟ್ ಮತ್ತೆ ಮೆತ್ತಗಾಗಿಸುತ್ತದೆ.

ಆದ್ದರಿಂದ ಬಾಗಿಲ ಹಿಂದಿನಂಥ ಮರೆಯ ಜಾಗವೊಂದನ್ನು ಮೊದಲು ಸಾಬೂನು ನೀರಿನಿಂದ ಒರೆಸಿ (ಇಲ್ಲದಿದ್ದರೆ ಕೊಳೆಯೇ ಬಣ್ಣವೆಂದು ಮೋಸ ಮಾಡುತ್ತದೆ), ಒಣಗಿದ ಮೇಲೆ ಸ್ಪಿರಿಟ್‌ನಲ್ಲಿ ಅದ್ದಿದ ಹತ್ತಿಯಿಂದ ಉಜ್ಜಬೇಕು. ಹತ್ತಿಗೆ ಬಣ್ಣ ಹತ್ತಿದರೆ ನೀರಿನದು, ಹತ್ತದಿದ್ದರೆ ಬಹುಮಟ್ಟಿಗೆ ಎಣ್ಣೆಯದು. ಮರಕ್ಕೆ ಅರಗಿನ ಪಾಲಿಶ್ ಇದ್ದರೆ ಈ ಲೆಕ್ಕ ಕೆಡುತ್ತದೆ, ಅರಗೂ ಸ್ಪಿರಿಟ್‌ನಲ್ಲಿ ಕರಗುತ್ತದೆ.

ಎಣ್ಣೆಯದೆಂದು ಗೊತ್ತಾದರೆ ಸ್ಯಾಂಡ್ ಪೇಪರಿನಿಂದ ಹೊಳಪು ತೆಗೆದು, ಪ್ರೈಮರ್ ಬಳಿದ ಮೇಲೆಯೇ ಎಮಲ್ಷನ್. ಬಹಳ ಹಳೆಯ ಎಣ್ಣೆ ಬಣ್ಣದಲ್ಲಿ ಸೀಸವಿರಬಹುದಾದ್ದರಿಂದ ಪರೀಕ್ಷೆ ಮಾಡಿಸದೆ ಉಜ್ಜಲು ಕೂರಬಾರದು. ಮಕ್ಕಳಿರುವ ಮನೆಯಲ್ಲಂತೂ ಆ ದೂಳು ಏಳಲೇಕೂಡದು.