ನಿಮಗಿದು ಗೊತ್ತೇ? ತಿರುಮಣಿಯ ಬಿಸಿಲನ್ನು ನಡೆಸುವ ಸಾಫ್ಟ್‌ವೇರ್

ಪಾವಗಡ ತಾಲ್ಲೂಕಿನ ತಿರುಮಣಿ, ಬಳಸಮುದ್ರ, ಕ್ಯಾತಗಾನಚೆರ್ಲು, ವಳ್ಳೂರು, ರಾಯಚೆರ್ಲು ಈ ಐದು ಊರುಗಳ ಸುತ್ತ ಹರಡಿರುವ ಸೋಲಾರ್ ಪಾರ್ಕ್ ಸುಮಾರು 13,000 ಎಕರೆಯದು. ಸಾಮರ್ಥ್ಯ 2,050 ಮೆಗಾವ್ಯಾಟ್. 2018ರ ಮಾರ್ಚ್ 1ರಂದು ಉದ್ಘಾಟನೆಯಾಗಿ, 2019ರ ಡಿಸೆಂಬರ್ ಹೊತ್ತಿಗೆ ಪೂರ್ತಿಯಾಯಿತು. ಒಂದು ಪ್ಯಾನೆಲ್‌ಗೆ 320 ವ್ಯಾಟ್ ಎಂದು ಲೆಕ್ಕ ಹಿಡಿದರೂ ಅಲ್ಲಿ 60 ಲಕ್ಷಕ್ಕಿಂತ ಹೆಚ್ಚು ಪ್ಯಾನೆಲ್‌ಗಳಿವೆ. ಇಷ್ಟನ್ನೂ ದಿನವಿಡೀ ನಡೆಸುವುದು ಸಾಫ್ಟ್‌ವೇರ್. ಅಂಥ ಸಾಫ್ಟ್‌ವೇರ್ ಬರೆಯುವುದೇ ನನ್ನ ಕಸುಬು. ಬೆಂಗಳೂರಿನ ಗಾಜಿನ ಕಟ್ಟಡಗಳಲ್ಲಿ ತಂತ್ರಜ್ಞಾನ ಹುಡುಕುವವರು ಒಮ್ಮೆ ನಾಗಲಮಡಿಕೆ ಹೋಬಳಿಯ ಈ ಬಯಲಿಗೂ ಬಂದು ನೋಡಬೇಕು.

ಕೋಲಾರ ಜಿಲ್ಲೆಯ ಯಳೇಸಂದ್ರದಲ್ಲಿ ರಾಜ್ಯದ ವಿದ್ಯುತ್ ನಿಗಮ ಕಟ್ಟಿದ ಸೌರ ಘಟಕ 2010ರಲ್ಲಿ ಸುದ್ದಿಯಾಗಿತ್ತು. ಅದರ ಸಾಮರ್ಥ್ಯ ಬರೀ 3 ಮೆಗಾವ್ಯಾಟ್. ಒಂದು ದಶಕ ತುಂಬುವ ಮೊದಲೇ ನಾವು 2,050ಕ್ಕೆ ಬಂದೆವು.

ಬಿಸಿಲು ಹೆಚ್ಚಿದಷ್ಟೂ ಕರೆಂಟ್ ಹೆಚ್ಚು ಎಂದುಕೊಂಡಿದ್ದೀರಾ? ಬೆಳಕು ಹೆಚ್ಚಬೇಕು, ಸೆಕೆ ಹೆಚ್ಚಬಾರದು. ಪ್ಯಾನೆಲ್‌ನ ಮೇಲೆ ಬರೆದಿರುವ ವ್ಯಾಟ್ ಲೆಕ್ಕ 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಅಳೆದದ್ದು. ಅದರ ಮೇಲೆ ಒಂದೊಂದು ಡಿಗ್ರಿ ಏರಿದಂತೆ ಉತ್ಪಾದನೆ ಶೇ. 0.4ರಷ್ಟು ಇಳಿಯುತ್ತದೆ. ಏಪ್ರಿಲ್‌ನ ನಡುಮಧ್ಯಾಹ್ನ ಪ್ಯಾನೆಲ್ 65 ಡಿಗ್ರಿ ಮುಟ್ಟಿದರೆ ಶೇ. 16ರಷ್ಟು ಅಲ್ಲೇ ಸೋರಿಹೋಯಿತು. ಮೋಡವಿಲ್ಲದ, ಗಾಳಿಯಾಡುವ, ಮೈಗೆ ತಂಪೆನಿಸುವ ದಿನವೇ ಪ್ಯಾನೆಲ್‌ಗೆ ಹಬ್ಬ.

ತಿರುಮಣಿಯಲ್ಲಿ ಸೂರ್ಯ ನೆತ್ತಿಯ ರೇಖೆಗೆ ಬರುವುದು ಗಡಿಯಾರದ 12 ಗಂಟೆಗಲ್ಲ. ನಮ್ಮ ದೇಶದ ಸಮಯ ನಿಂತಿರುವುದು 82.5 ಡಿಗ್ರಿ ಪೂರ್ವ ರೇಖಾಂಶದ ಮೇಲೆ. ತಿರುಮಣಿ ಇರುವುದು ಸುಮಾರು 77.4 ಡಿಗ್ರಿಯಲ್ಲಿ. ಡಿಗ್ರಿಗೆ ನಾಲ್ಕು ನಿಮಿಷದಂತೆ ಅಲ್ಲಿನ ನಿಜವಾದ ಮಧ್ಯಾಹ್ನ ಸರಾಸರಿ 12 ಗಂಟೆ 20 ನಿಮಿಷಕ್ಕೆ. ಜೊತೆಗೆ ಜಗತ್ತಿನ ಸಮಯಕ್ಕೂ ನಮಗೂ ಐದೂವರೆ ಗಂಟೆಯ ಅಂತರ. ಹೊರದೇಶದಲ್ಲಿ ಬರೆದ ಎಷ್ಟೋ ಸಾಫ್ಟ್‌ವೇರ್ ಆ ‘ಅರೆ’ ಗಂಟೆಯಲ್ಲೇ ಎಡವುತ್ತದೆ. ಉತ್ಪಾದನೆಯ ನಕ್ಷೆಯಲ್ಲಿ ಬೆಳಗಾಗುವ ಮೊದಲೇ ಕರೆಂಟ್ ಹುಟ್ಟಿದ್ದು ಕಂಡರೆ ಮೊದಲು ನೋಡಬೇಕಾದ್ದು ಗಡಿಯಾರವನ್ನು.

ಇನ್ನೂ ಒಂದು ವಿಚಿತ್ರ. ನಮ್ಮ ಪ್ಯಾನೆಲ್‌ಗಳ ಮುಖ ಸಾಮಾನ್ಯವಾಗಿ ದಕ್ಷಿಣಕ್ಕೆ. ತಿರುಮಣಿ 14 ಡಿಗ್ರಿ ಉತ್ತರ ಅಕ್ಷಾಂಶ ದಾಟಿದ ಜಾಗವಾದ್ದರಿಂದ ಏಪ್ರಿಲ್ ಕೊನೆಯಿಂದ ಆಗಸ್ಟ್ ಮಧ್ಯದವರೆಗೆ ನಡುಮಧ್ಯಾಹ್ನದ ಸೂರ್ಯ ಇರುವುದು ಉತ್ತರದಲ್ಲಿ! ವರ್ಷದ ಒಟ್ಟು ಲೆಕ್ಕದಲ್ಲಿ ದಕ್ಷಿಣವೇ ಲಾಭ ಎಂದು ಈ ಏರ್ಪಾಡು.

ಒಂದು ಸಿಲಿಕಾನ್ ಕೋಶ ಕೊಡುವುದು ಅರ್ಧ ವೋಲ್ಟ್‌ಗಿಂತ ತುಸು ಹೆಚ್ಚು. 72 ಕೋಶ ಸೇರಿ ಒಂದು ಪ್ಯಾನೆಲ್, ಇಂಥ ಮೂವತ್ತರ ಆಸುಪಾಸು ಪ್ಯಾನೆಲ್ ಸಾಲಾಗಿ ಪೋಣಿಸಿದರೆ ಒಂದು ಸ್ಟ್ರಿಂಗ್. ಆಗ ವೋಲ್ಟೇಜ್ ಸಾವಿರ ದಾಟುತ್ತದೆ. ಸಾಲಿನಲ್ಲಿ ಪೋಣಿಸಿದ್ದರಿಂದ ಒಂದು ಕೋಶದ ಮೇಲೆ ಕಾಗೆ ಹಿಕ್ಕೆ ಬಿದ್ದರೂ ಅದರ ಬಾಧೆ ಮಿಕ್ಕವಕ್ಕೂ ತಟ್ಟುತ್ತದೆ. ನೆರಳಾದ ಕೋಶ ಕರೆಂಟ್ ಕೊಡುವ ಬದಲು ನುಂಗಿ ಕಾಯತೊಡಗುತ್ತದೆ. ಅದನ್ನು ಬದಿಗಿಟ್ಟು ಕರೆಂಟ್ ಮುಂದೆ ಹೋಗಲೆಂದೇ ಪ್ಯಾನೆಲ್ ಬೆನ್ನಿನ ಕಪ್ಪು ಡಬ್ಬಿಯಲ್ಲಿ ಸಾಮಾನ್ಯವಾಗಿ ಮೂರು ಡಯೋಡ್‌ಗಳಿರುತ್ತವೆ. ಬೆರಳುಗಾತ್ರದ ಸಾಮಾನು, ಹೊರುವ ಹೊಣೆ ದೊಡ್ಡದು.

ಈಗ ನನಗೆ ತೀರಾ ಇಷ್ಟವಾದ ಸಂಗತಿ. ಪ್ಯಾನೆಲ್ ತಾನಾಗಿ ಪೂರ್ತಿ ಕರೆಂಟ್ ಕೊಡುವುದಿಲ್ಲ, ಹಿಂಡಿ ತೆಗೆಯಬೇಕು. ಬಿಸಿಲು, ಸೆಕೆ, ದೂಳು ಬದಲಾದಂತೆಲ್ಲ ಅತಿ ಹೆಚ್ಚು ಶಕ್ತಿ ಸಿಗುವ ವೋಲ್ಟೇಜ್ ಬದಲಾಗುತ್ತಲೇ ಇರುತ್ತದೆ. ಅದನ್ನು ಹುಡುಕುವ ಪ್ರೋಗ್ರಾಮ್, ಪ್ಯಾನೆಲ್‌ನ ವಿದ್ಯುತ್ತನ್ನು ಗ್ರಿಡ್‌ಗೆ ಒಗ್ಗುವಂತೆ ಬದಲಿಸುವ ಪ್ರತಿ ಇನ್ವರ್ಟರ್‌ನಲ್ಲೂ ಓಡುತ್ತಿರುತ್ತದೆ. ಹಳೆಯ ರೇಡಿಯೊದ ತಿರುಪು ತಿರುಗಿಸಿ ಸ್ಟೇಷನ್ ಹಿಡಿದಂತೆ ಅದರ ಕೆಲಸ: ವೋಲ್ಟೇಜನ್ನು ಕೂದಲೆಳೆಯಷ್ಟು ಏರಿಸು, ಶಕ್ತಿ ಹೆಚ್ಚಿತೇ ನೋಡು; ಹೆಚ್ಚಿದರೆ ಅದೇ ದಿಕ್ಕಿಗೆ ಇನ್ನೊಂದು ಹೆಜ್ಜೆ, ಇಳಿದರೆ ಹಿಂದಕ್ಕೆ. ಬೆಳಗಿನಿಂದ ಸಂಜೆಯವರೆಗೆ ಇಷ್ಟೇ. ಈ ತರ್ಕ ಹತ್ತಿಪ್ಪತ್ತು ಸಾಲಿನಲ್ಲಿ ಬರೆದು ಮುಗಿಯುತ್ತದೆ. ಮೋಡ ಸರಸರ ಸಾಗುವಾಗ ಮಾತ್ರ ಇದಕ್ಕೆ ದಾರಿ ತಪ್ಪುತ್ತದೆ; ಶಕ್ತಿ ಇಳಿದದ್ದು ತನ್ನ ಹೆಜ್ಜೆಯಿಂದಲೋ ಮೋಡದಿಂದಲೋ ತಿಳಿಯದೆ ತಪ್ಪು ದಿಕ್ಕಿಗೆ ಹೊರಡುತ್ತದೆ. ಆ ಗೊಂದಲ ಬಿಡಿಸುವುದಕ್ಕೆಂದೇ ಲೋಕದಾದ್ಯಂತ ಸಂಶೋಧನೆ ನಡೆದಿದೆ. ಕೃತಕ ಬುದ್ಧಿಮತ್ತೆಯ ಅಬ್ಬರದ ನಡುವೆ ಈ ಇಪ್ಪತ್ತು ಸಾಲಿನ ಪ್ರೋಗ್ರಾಮ್‌ಗೆ ನಾನು ಹೆಚ್ಚು ಮರ್ಯಾದೆ ಕೊಡುತ್ತೇನೆ. ಅದು ಏನು ಮಾಡುತ್ತಿದೆ ಎಂದು ಹೈಸ್ಕೂಲ್ ಹುಡುಗಿಗೂ ಬಿಡಿಸಿ ಹೇಳಬಹುದು.

ಇನ್ವರ್ಟರ್‌ಗಳು ಮಾತಾಡಿಕೊಳ್ಳುವ ಭಾಷೆ ಎಷ್ಟು ಹಳೆಯದು ಗೊತ್ತೇ? ಮಾಡ್‌ಬಸ್ ಎಂಬ ಆ ಪದ್ಧತಿ ಬಂದದ್ದು 1979ರಲ್ಲಿ, ಕಾರ್ಖಾನೆಯ ಯಂತ್ರಗಳಿಗಾಗಿ. ನಮ್ಮ ಉದ್ಯಮ ಎರಡು ವರ್ಷಕ್ಕೊಮ್ಮೆ ಹಳೆಯದನ್ನೆಲ್ಲ ಎಸೆಯಿರಿ ಎನ್ನುತ್ತದೆ; ಇದು ಮಾತ್ರ ಸೋಲಾರ್ ಇನ್ವರ್ಟರ್‌ಗಳಲ್ಲಿ ಇಂದಿಗೂ ಗಟ್ಟಿಯಾಗಿ ಉಳಿದಿದೆ. ಕಾರಣ ಸ್ಪಷ್ಟ: ನಿಯಮಗಳನ್ನು ಎಲ್ಲರಿಗೂ ಕಾಣುವಂತೆ ಪ್ರಕಟಿಸಿದ್ದರು, ಯಾರು ಬೇಕಾದರೂ ಬಳಸಬಹುದಿತ್ತು. ದೋಷವೂ ಉಂಟು, ಮೂಲ ಮಾಡ್‌ಬಸ್‌ಗೆ ಪಾಸ್‌ವರ್ಡ್ ಎಂಬುದೇ ಇಲ್ಲ. ಹಾಗಾಗಿ ಅದನ್ನು ನೇರವಾಗಿ ಇಂಟರ್‌ನೆಟ್‌ಗೆ ತೆರೆದಿಡುವುದು ಮಹಾ ಅಪಾಯ.

‘ನಮ್ಮ ಹೊಲ್ದಾಗೆ ಇಷ್ಟು ಕರೆಂಟ್ ಹುಟ್ತೈತೆ, ನಮ್ಮನೇಲಿ ಯಾಕಪ್ಪ ಹೋಗ್ತೈತೆ?’ ಪಾವಗಡ ಕಡೆಯ ಹಿರಿಯರು ಕೇಳುವ ಈ ಪ್ರಶ್ನೆಗೆ ನೇರ ಉತ್ತರ ಕೊಡಬೇಕು. ಪ್ಯಾನೆಲ್‌ನ ನೇರ ವಿದ್ಯುತ್ತನ್ನು ಇನ್ವರ್ಟರ್ 50 ಹರ್ಟ್ಸ್‌ನ ಪರ್ಯಾಯ ವಿದ್ಯುತ್ತಾಗಿ ಮಾಡುತ್ತದೆ, ಅದು ಉಪಕೇಂದ್ರಗಳಲ್ಲಿ ಮೆಟ್ಟಿಲು ಮೆಟ್ಟಿಲಾಗಿ 400 ಕಿಲೋವೋಲ್ಟ್‌ಗೆ ಏರಿ ರಾಷ್ಟ್ರೀಯ ಗ್ರಿಡ್ ಸೇರುತ್ತದೆ. ಊರಿನ ಲೈನ್ ಬರುವುದು ಬೇರೆ ದಾರಿಯಲ್ಲಿ. ಇಲ್ಲಿನ ಇನ್ವರ್ಟರ್‌ಗಳು ಗ್ರಿಡ್‌ನ ಮಿಡಿತ ನೋಡಿಕೊಂಡೇ ಕೆಲಸ ಮಾಡುತ್ತವೆ. ಗ್ರಿಡ್ ಹೋದರೆ ಅವೂ ತಕ್ಷಣ ನಿಲ್ಲಬೇಕು, ಇಲ್ಲದಿದ್ದರೆ ಲೈನ್ ದುರಸ್ತಿಗೆ ಕಂಬ ಹತ್ತಿದವನ ಜೀವಕ್ಕೆ ಕುತ್ತು. ಹೀಗಾಗಿ ಬಿಸಿಲು ಕಾಯುತ್ತಿದ್ದರೂ ಮನೆಯ ಫ್ಯಾನ್ ನಿಂತಿರಬಹುದು. ಕಾರಣ ತಾಂತ್ರಿಕವಾದದ್ದು, ಆದರೆ ಪ್ರಶ್ನೆ ನ್ಯಾಯವಾದದ್ದು. ಪಾರ್ಕ್ ಪಕ್ಕದ ಶಾಲೆ, ಆಸ್ಪತ್ರೆ, ನೀರಿನ ಘಟಕಗಳಿಗೆ ಬ್ಯಾಟರಿ ಸಹಿತ ಪ್ರತ್ಯೇಕ ಸಣ್ಣ ಜಾಲ ಕಟ್ಟುವ ತಂತ್ರಜ್ಞಾನ ಕೈಯಲ್ಲೇ ಇದೆ. ಮಾಡಬೇಕು.

1902ರಲ್ಲೂ ಹೀಗೇ ಆಗಿತ್ತು. ಶಿವನಸಮುದ್ರದ ಕರೆಂಟ್ ಮೊದಲು ಹೋದದ್ದು ಕೋಲಾರದ ಚಿನ್ನದ ಗಣಿಗೆ; ಬೆಂಗಳೂರಿನ ಬೀದಿ ದೀಪ ಹೊತ್ತಿದ್ದು 1905ರಲ್ಲಿ.

ದಕ್ಷಿಣ ಭಾರತದ ಗ್ರಿಡ್ ದೇಶದ ಉಳಿದ ಗ್ರಿಡ್ ಜೊತೆ ಒಂದಾದದ್ದು 2013ರ ಡಿಸೆಂಬರ್ 31ರಂದು, ರಾಯಚೂರು–ಸೊಲ್ಲಾಪುರದ 765 ಕಿಲೋವೋಲ್ಟ್ ಲೈನ್ ಮೂಲಕ. ಹಾಗಾಗಿ ಇಂದು ತಿರುಮಣಿಯ ಇನ್ವರ್ಟರ್‌ಗೂ ಪಂಜಾಬಿನ ಪಂಪ್‌ಸೆಟ್‌ಗೂ ಒಂದೇ ಫ್ರೀಕ್ವೆನ್ಸಿ.

ಗ್ರಿಡ್‌ಗೆ ದಿನವೆಂದರೆ 96 ತುಂಡು, ಒಂದೊಂದೂ 15 ನಿಮಿಷದ್ದು. ಯಾವ ತುಂಡಿನಲ್ಲಿ ಎಷ್ಟು ಕರೆಂಟ್ ಕೊಡುತ್ತೇವೆ ಎಂದು ಉತ್ಪಾದಕರು ಮೊದಲೇ ಹೇಳಬೇಕು. ಲೆಕ್ಕ ಮಿತಿ ಮೀರಿ ತಪ್ಪಿದರೆ ದಂಡ. ಹಾಗಾಗಿ ಮೋಡದ ಮುನ್ಸೂಚನೆಗೆ ಹಣದ ಬೆಲೆ ಬಂದಿದೆ. ಹಾಸನದ ಮುಖ್ಯ ನಿಯಂತ್ರಣ ಕೇಂದ್ರದಿಂದ ನಡೆಸುವ ಇನ್ಸಾಟ್–3ಡಿ ಸರಣಿಯ ಉಪಗ್ರಹ ಅರ್ಧ ಗಂಟೆಗೊಮ್ಮೆ ಮೋಡಗಳ ಚಿತ್ರ ಕಳಿಸುವಂತೆ ರೂಪುಗೊಂಡದ್ದು. ಆದರೆ ಅರ್ಧ ಗಂಟೆಯಲ್ಲಿ ಒಂದು ಮೋಡ ಗಡಿಯಾಚೆಯ ಪೆನುಕೊಂಡದ ಕಡೆಯಿಂದ ಬಂದು ಹೋಗಿಯೂ ಆಗಿರುತ್ತದೆ.

ಮೋಡಕ್ಕೆ ಹೋಲಿಸಿದರೆ ಗ್ರಹಣ ಸುಲಭ. ಪಾರ್ಕ್ ಪೂರ್ತಿಯಾದ ತಿಂಗಳಲ್ಲೇ, 2019ರ ಡಿಸೆಂಬರ್ 26ರಂದು, ಕಂಕಣ ಸೂರ್ಯಗ್ರಹಣ ಬಂತು. ಕಾಸರಗೋಡಿನ ಚೆರುವತ್ತೂರು, ಮಂಗಳೂರು, ಕೊಡಗಿನಲ್ಲಿ ಜನ ಬೆಂಕಿಯುಂಗುರ ನೋಡಿದರು. ಪಾವಗಡದಲ್ಲಿ ಬೆಳಿಗ್ಗೆ ಎಂಟು ದಾಟಿದ ಮೇಲೆ ಹಿಡಿದ ಗ್ರಹಣ ಒಂಬತ್ತೂವರೆ ಸುಮಾರಿಗೆ ಸೂರ್ಯನ ಬಹುಪಾಲನ್ನು ಮುಚ್ಚಿತ್ತು. ಉತ್ಪಾದನೆ ಏರಬೇಕಾದ ಹೊತ್ತಿನಲ್ಲೇ ಇಳಿಯಿತು, ಗ್ರಹಣ ಬಿಡುತ್ತಿದ್ದಂತೆ ಕಡಿದಾಗಿ ಏರಿತು. ಗ್ರಿಡ್ ನಡೆಸುವವರು ವಾರಗಳ ಮೊದಲೇ ಲೆಕ್ಕ ಹಾಕಿ, ಆ ಹೊತ್ತಿಗೆ ಬೇರೆ ಮೂಲಗಳನ್ನು ಸಜ್ಜು ಮಾಡಿಟ್ಟಿದ್ದರು. ಪಂಚಾಂಗದ ಒಂದು ಸಾಲು ವಿದ್ಯುತ್ ಎಂಜಿನಿಯರುಗಳ ಕೆಲಸದ ಪಟ್ಟಿಗೆ ಬಂದಿತ್ತು.

ಸಾಫ್ಟ್‌ವೇರ್‌ನ ಇನ್ನೊಂದು ಮುಖ ಜಮೀನಿನದು. ಇಲ್ಲಿ ಭೂಮಿಯನ್ನು ಕೊಳ್ಳಲಿಲ್ಲ, ಗುತ್ತಿಗೆ ಪಡೆದರು: ಎಕರೆಗೆ ವರ್ಷಕ್ಕೆ 21,000 ರೂಪಾಯಿ, ಎರಡು ವರ್ಷಕ್ಕೊಮ್ಮೆ ಶೇ. 5ರ ಏರಿಕೆ. ಪಹಣಿಯಲ್ಲಿ ಹೆಸರು ರೈತರದ್ದೇ ಉಳಿಯಿತು. ಎರಡು ಕೋಟಿಯಷ್ಟು ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಿದ ‘ಭೂಮಿ’ ಯೋಜನೆ 2000ದ ಹೊತ್ತಿಗೇ ಶುರುವಾಗಿ, ಪಹಣಿಯನ್ನು 15 ರೂಪಾಯಿಗೆ ಕೈಗಿಟ್ಟಿತ್ತು. ನಮ್ಮ ರಾಜ್ಯ ಬರೆಸಿದ ಅತ್ಯಂತ ಉಪಯುಕ್ತ ಸಾಫ್ಟ್‌ವೇರ್‌ಗಳಲ್ಲಿ ಅದೂ ಒಂದೆಂದು ನಾನು ನಂಬಿದ್ದೇನೆ. ಆದರೆ ದತ್ತಾಂಶದಲ್ಲಿ ಇಲ್ಲದವರು ಸಾಫ್ಟ್‌ವೇರ್‌ಗೆ ಕಾಣುವುದಿಲ್ಲ. ಕಡಲೆಕಾಯಿ ಹೊಲದಲ್ಲಿ ಕಳೆ ತೆಗೆದು, ಕಾಯಿ ಕಿತ್ತು ಬದುಕುತ್ತಿದ್ದ ಭೂರಹಿತ ಕೂಲಿಕಾರರ ಹೆಸರು ಯಾವ ಪಹಣಿಯಲ್ಲೂ ಇರಲಿಲ್ಲ. ಹೊಲ ಹೋದಾಗ ಕೂಲಿ ಹೋಯಿತು, ಬಾಡಿಗೆ ಬರಲಿಲ್ಲ.

ಊರಿನವರಿಗೆ ಸಿಕ್ಕ ಕೆಲಸ ಹೆಚ್ಚಾಗಿ ಪ್ಯಾನೆಲ್ ತೊಳೆಯುವುದು, ಹುಲ್ಲು ಕೀಳುವುದು, ಕಾವಲು. ಅವರಿಗೆ ಗೊತ್ತಿರುವುದು ನಮ್ಮ ಪರದೆಗೆ ಗೊತ್ತಿಲ್ಲ. ಮಳೆ ಬಂದ ಮಾರನೆಯ ಬೆಳಿಗ್ಗೆ ಇನ್ವರ್ಟರ್ ಕರೆಂಟ್ ಬಿಡುವ ಮೊದಲು ವೈರಿನಿಂದ ನೆಲಕ್ಕೆ ಸೋರಿಕೆ ಇದೆಯೇ ಎಂದು ಪರೀಕ್ಷಿಸುತ್ತದೆ. ಯಾವುದೋ ಜೋಡಣೆಯಲ್ಲಿ ನೀರು ಹೊಕ್ಕಿದ್ದರೆ ‘ಇನ್ಸುಲೇಶನ್ ಲೋ’ ಎಂದು ಇಂಗ್ಲಿಷಿನಲ್ಲಿ ತೋರಿಸಿ ಸುಮ್ಮನೆ ನಿಂತುಬಿಡುತ್ತದೆ. ಯಾವ ಸಾಲಿನಲ್ಲಿ ಅಳಿಲು ವೈರ್ ಕಡಿದಿದೆ, ಎಲ್ಲಿ ನೀರು ನಿಲ್ಲುತ್ತದೆ ಎಂಬುದು ಅಲ್ಲಿ ದಿನಾ ಓಡಾಡುವ ಹೆಂಗಸಿಗೆ ಗೊತ್ತು. ಆ ಸಂದೇಶ ಓದಲು ಆಕೆಗೆ ಬಾರದು. ಓದಲು ಬಲ್ಲವರಿಗೆ ಆ ಸಾಲು ಗೊತ್ತಿರದು.

ಕನ್ನಡದಲ್ಲಿ ತೋರಿಸಲಾಗದು ಎಂಬ ನೆಪ ಇನ್ನು ನಡೆಯದು. 1991ರ ಮೊದಲ ಯೂನಿಕೋಡ್ ಆವೃತ್ತಿಯಲ್ಲೇ ಕನ್ನಡಕ್ಕೆ ಜಾಗವಿತ್ತು, 128 ಸ್ಥಾನಗಳ ಒಂದು ಪೂರ್ತಿ ವಿಭಾಗ. ಕನ್ನಡ ಬರೆಯುವ ಸಾಫ್ಟ್‌ವೇರ್, ಶೇಷಾದ್ರಿವಾಸು ಅವರ ‘ಬರಹ’, 1998ರಲ್ಲಿ ಬಂತು. ‘ನುಡಿ’ಗೆ ತಳಹದಿಯಾದ ಕೀಲಿಮಣೆ ವಿನ್ಯಾಸ ಕೆ.ಪಿ. ರಾವ್ ಅವರದು. ಇಂಥ ಕೆಲವೇ ಜನರ ದುಡಿಮೆಯಿಂದ ಕನ್ನಡ ಕಂಪ್ಯೂಟರಿಗೆ ಬಂದಿರುವಾಗ, ಸಾವಿರಾರು ಕೋಟಿ ಹೂಡುವವರು ಒಂದು ಎಚ್ಚರಿಕೆಯ ಸಂದೇಶವನ್ನು ಕನ್ನಡದಲ್ಲಿ ಕೆಲಸಗಾರರ ಫೋನಿಗೆ ಕಳಿಸಲಾರರೇ?

ಕಲಿಯುವವರಿಗೆ ದಾರಿಗಳಿವೆ. 2015ರಲ್ಲಿ ಶುರುವಾದ ಕೇಂದ್ರ ಸರ್ಕಾರದ ‘ಸೂರ್ಯಮಿತ್ರ’ 600 ಗಂಟೆಗಳ ತರಬೇತಿ. ಐಟಿಐ, ಡಿಪ್ಲೊಮಾ ಓದಿದವರಿಗೆ ಸೊಗಸಾಗಿ ಹೊಂದುತ್ತದೆ. ಪೈಥಾನ್ ಬಲ್ಲವರಿಗೆ ಸೌರ ಉತ್ಪಾದನೆಯ ಲೆಕ್ಕ ಹಾಕುವ ‘ಪಿವಿಲಿಬ್’ ಎಂಬ ಉಚಿತ ಸಾಫ್ಟ್‌ವೇರ್ ಇದೆ. ನಾಸಾದ ‘ಪವರ್’ ದತ್ತಾಂಶದಲ್ಲಿ ತಿರುಮಣಿಯ ಅಕ್ಷಾಂಶ, ರೇಖಾಂಶ ಕೊಟ್ಟರೆ ಹಲವು ದಶಕಗಳ ಬಿಸಿಲಿನ ಲೆಕ್ಕ ಕಾಸಿಲ್ಲದೆ ಸಿಗುತ್ತದೆ. ಮಧುಗಿರಿಯಲ್ಲೋ ಶಿರಾದಲ್ಲೋ ಕೊರಟಗೆರೆಯಲ್ಲೋ ಓದುವ ವಿದ್ಯಾರ್ಥಿ ಹಳೆಯ ಲ್ಯಾಪ್‌ಟಾಪ್ ಒಂದರಲ್ಲೇ ತನ್ನ ಮನೆಯ ತಾರಸಿಗೆ ಎಷ್ಟು ಯೂನಿಟ್ ಸಿಗುತ್ತದೆಂದು ಹೇಳಬಹುದು.

ಹರೀಶ್ ಹಂದೆ 1995ರಲ್ಲಿ ಶುರು ಮಾಡಿದ ಸೆಲ್ಕೊ ಸಂಸ್ಥೆ ಬಡವರ ಮನೆಗೆ ಸೋಲಾರ್ ದೀಪ ಮುಟ್ಟಿಸಿತು. 2011ರಲ್ಲಿ ಅವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಸೆಲ್ಕೊದ ಬಲ ದುರಸ್ತಿಗೆ ಹತ್ತಿರದಲ್ಲೇ ಜನ ಸಿಗುವಂತೆ ನೋಡಿಕೊಂಡದ್ದು. ಗ್ಯಾಜೆಟ್ ಕೊಳ್ಳುವಾಗ ನಾನು ಮೊದಲು ಕೇಳುವುದೂ ಅದನ್ನೇ: ಕೆಟ್ಟರೆ ನಮ್ಮ ಪೇಟೆಯಲ್ಲಿ ಬಿಚ್ಚುವವರಿದ್ದಾರೆಯೇ?

ಕೊನೆಯದು ಎಲ್ಲಕ್ಕಿಂತ ಭಾರದ್ದು. ಪ್ಯಾನೆಲ್‌ಗೆ ಕಂಪನಿಗಳು ಸಾಮಾನ್ಯವಾಗಿ ಕೊಡುವ ಖಾತರಿ 25 ವರ್ಷ. ಅಂದರೆ 2043ರಿಂದಾಚೆ ತಿರುಮಣಿಯ ಪ್ಯಾನೆಲ್‌ಗಳು ಒಂದೊಂದಾಗಿ ಇಳಿಯತೊಡಗುತ್ತವೆ. ಒಂದಕ್ಕೆ 22 ಕಿಲೋ ಎಂದರೂ 60 ಲಕ್ಷಕ್ಕೆ 1.3 ಲಕ್ಷ ಟನ್ ದಾಟುತ್ತದೆ. ಬಹುಪಾಲು ಗಾಜು, ಜೊತೆಗೆ ಅಲ್ಯೂಮಿನಿಯಂ, ಸಿಲಿಕಾನ್, ಚೂರು ಬೆಳ್ಳಿ. 2022ರ ಇ–ತ್ಯಾಜ್ಯ ನಿಯಮಗಳು ಸೋಲಾರ್ ಪ್ಯಾನೆಲ್‌ಗಳನ್ನೂ ಒಳಗೆ ತಂದಿವೆ. ದೇಶದ ಸೌರ ಯೋಜನೆಗಳ ನಿಯಮದಂತೆ ಪ್ಯಾನೆಲ್‌ಗೆ ಒಂದು ರೇಡಿಯೊ ಗುರುತುಚೀಟಿ ಇರಬೇಕು: ತಯಾರಕರು ಯಾರು, ಯಾವ ತಿಂಗಳು, ಯಾವ ಕ್ರಮಸಂಖ್ಯೆ ಎಲ್ಲ ಅದರಲ್ಲಿ ಅಡಕ. ಆ ಸಂಖ್ಯೆಯನ್ನು ಅದು ನಿಂತಿರುವ ಹೊಲದ ಸರ್ವೆ ನಂಬರಿಗೆ ಈಗಲೇ ಜೋಡಿಸಿ, ರೈತರು ಕನ್ನಡದಲ್ಲಿ ತೆಗೆದು ನೋಡುವಂತೆ ಇಡುವುದು ಕೆಲವು ಎಂಜಿನಿಯರುಗಳ ಕೆಲವು ತಿಂಗಳ ಕೆಲಸ. ಗುತ್ತಿಗೆ ಮುಗಿದ ದಿನ ಯಾವ ಸರಕನ್ನು ಯಾರು ತೆರವು ಮಾಡಬೇಕು ಎಂದು ಕೇಳಲು ರೈತರ ಕೈಯಲ್ಲಿ ಆ ಪಟ್ಟಿ ಇರಬೇಕು.