ಬಿದ್ದ ರಾಕೆಟ್ಟಿನ ಲೆಕ್ಕ ಯಾರಿಗೆ?

1979ರ ಆಗಸ್ಟ್ 10ರ ಬೆಳಿಗ್ಗೆ 7 ಗಂಟೆ 58 ನಿಮಿಷಕ್ಕೆ ಶ್ರೀಹರಿಕೋಟದ ನೆಲದಿಂದ ಎಸ್‌ಎಲ್‌ವಿ-3 ಮೇಲೆದ್ದಿತು. 22 ಮೀಟರ್ ಎತ್ತರ, 17 ಟನ್ ತೂಕ, ಒಂದರ ಮೇಲೊಂದು ಕೂರಿಸಿದ ನಾಲ್ಕು ಘನ ಇಂಧನದ ಹಂತಗಳು. ಭಾರತ ತಾನೇ ರೂಪಿಸಿದ ಮೊದಲ ಉಪಗ್ರಹ ಉಡಾವಣಾ ವಾಹನದ ಮೊದಲ ಪ್ರಾಯೋಗಿಕ ಹಾರಾಟ ಅದು. ಮೊದಲನೆಯ ಹಂತ ಲೆಕ್ಕಾಚಾರದಂತೆಯೇ ಉರಿದು ಕಳಚಿಕೊಂಡಿತು. ಎರಡನೆಯ ಹಂತದಲ್ಲಿ ವಾಹನ ಹತೋಟಿ ತಪ್ಪಿತು. ನೆಲ ಬಿಟ್ಟ 317 ಸೆಕೆಂಡುಗಳಲ್ಲಿ ಹಾರಾಟ ಮುಗಿದುಹೋಗಿ, ಉಪಗ್ರಹವನ್ನು ಹೊತ್ತಿದ್ದ ನಾಲ್ಕನೆಯ ಹಂತವೂ ಸೇರಿದಂತೆ ಉಳಿದ ಭಾಗಗಳು ಶ್ರೀಹರಿಕೋಟದಿಂದ ಸುಮಾರು 560 ಕಿ.ಮೀ. ದೂರದಲ್ಲಿ ಬಂಗಾಳ ಕೊಲ್ಲಿಯ ಪಾಲಾದವು.

ಈ ಪ್ರಸಂಗ ನಮ್ಮಲ್ಲಿ ಬಹುತೇಕ ಎಲ್ಲರಿಗೂ ಗೊತ್ತು. ಯೋಜನೆಯ ನಿರ್ದೇಶಕರಾಗಿದ್ದ ಎ.ಪಿ.ಜೆ. ಅಬ್ದುಲ್ ಕಲಾಂ ಅದನ್ನು ಮುಂದೆ ಅನೇಕ ಉಪನ್ಯಾಸಗಳಲ್ಲಿ ವಿದ್ಯಾರ್ಥಿಗಳಿಗೆ ಹೇಳುತ್ತಿದ್ದರು. ಸೋಲಿನ ದಿನ ಪತ್ರಕರ್ತರ ಎದುರು ನಿಂತವರು ಇಸ್ರೊ ಅಧ್ಯಕ್ಷ ಸತೀಶ್ ಧವನ್. ಮರುವರ್ಷ, 1980ರ ಜುಲೈ 18ರಂದು, ಅದೇ ಮಾದರಿಯ ವಾಹನ ರೋಹಿಣಿ ಉಪಗ್ರಹವನ್ನು ಕಕ್ಷೆಗೆ ಸೇರಿಸಿದಾಗ ಧವನ್ ಹಿಂದೆ ಸರಿದು ಕಲಾಂ ಅವರನ್ನು ಮುಂದೆ ಕಳಿಸಿದರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ನಿರ್ದೇಶಕ ಸ್ಥಾನದಲ್ಲಿದ್ದುಕೊಂಡೇ ಬಾಹ್ಯಾಕಾಶ ಸಂಸ್ಥೆಯನ್ನೂ ನಡೆಸಿದ ಧವನ್ ಅವರ ದೊಡ್ಡತನಕ್ಕೆ ಇದು ಸಾಕ್ಷಿ. ಆದರೆ ನಾಯಕನ ಗುಣವನ್ನು ಕೊಂಡಾಡಿ ಇಲ್ಲಿಗೇ ನಿಂತುಬಿಟ್ಟರೆ, ಆ ಎರಡು ದಿನಾಂಕಗಳ ನಡುವಿನ ಹನ್ನೊಂದು ತಿಂಗಳಲ್ಲಿ ನಡೆದದ್ದು ನಮ್ಮ ಕಣ್ಣಿಗೆ ಬೀಳುವುದೇ ಇಲ್ಲ. ರಾಕೆಟ್ ಏಕೆ ಬಿತ್ತು ಎಂಬುದನ್ನು ಹುಡುಕಿ, ಒಪ್ಪಿಕೊಂಡು, ತಿದ್ದಿದ ಕೆಲಸ ಅದು. ಪ್ರಾಯೋಗಿಕ ಹಾರಾಟವೆಂಬುದು ಇರುವುದೇ ಆ ಕೆಲಸಕ್ಕಾಗಿ.

ಇಷ್ಟೆಲ್ಲ ಹಣ, ಶ್ರಮ ಸುರಿಯುವ ಮೊದಲು ನೆಲದ ಮೇಲೇ ಎಲ್ಲವನ್ನೂ ಪರೀಕ್ಷಿಸಿ ನೋಡಬಾರದೇ ಎಂದು ಕೇಳುವವರುಂಟು. ಖಂಡಿತ ಪರೀಕ್ಷಿಸುತ್ತಾರೆ. ಪ್ರತಿ ಹಂತದ ಮೋಟಾರನ್ನೂ ಭದ್ರವಾಗಿ ಕಟ್ಟಿ ನೆಲದಲ್ಲೇ ಉರಿಸಿ ಅದರ ನೂಕುಬಲವನ್ನು ಅಳೆಯುತ್ತಾರೆ. ಉಪಕರಣಗಳನ್ನು ಕಂಪಿಸುವ ಮೇಜಿನ ಮೇಲಿಟ್ಟು ಅಲುಗಾಡಿಸುತ್ತಾರೆ. ನಿರ್ವಾತದಲ್ಲಿ, ಬಿಸಿಯಲ್ಲಿ, ಚಳಿಯಲ್ಲಿ ಇಟ್ಟು ನೋಡುತ್ತಾರೆ. ಗಾಳಿ ಸುರಂಗದಲ್ಲಿ ಪುಟ್ಟ ಪ್ರತಿಕೃತಿಗಳ ಮೇಲೆ ಗಾಳಿ ಹಾಯಿಸುತ್ತಾರೆ. ಆದರೆ ಹಾರಾಟದಲ್ಲಿ ಈ ಎಲ್ಲ ಸಂಕಟಗಳೂ ಒಟ್ಟಿಗೆ ಬರುತ್ತವೆ. ಕ್ಷಣಕ್ಷಣಕ್ಕೂ ಇಂಧನ ಉರಿದು ತೂಕ ಇಳಿಯುತ್ತದೆ, ವೇಗ ಏರುತ್ತದೆ, ಹೊರಗಿನ ಗಾಳಿಯ ಒತ್ತಡ ಒಮ್ಮೆ ಪರಾಕಾಷ್ಠೆಗೆ ಹೋಗಿ ಮತ್ತೆ ಇಲ್ಲವಾಗುತ್ತದೆ. ನಡುವೆ ಒಂದು ಹಂತ ಕಳಚಿ ಇನ್ನೊಂದು ಹೊತ್ತಿಕೊಳ್ಳಬೇಕು. ಇವೆಲ್ಲವೂ ಕೂಡಿ ಏನು ಮಾಡುತ್ತವೆಂಬುದನ್ನು ನೆಲದ ಯಾವ ಪ್ರಯೋಗಾಲಯವೂ ಪೂರ್ತಿಯಾಗಿ ತೋರಿಸಲಾರದು. ಕೊನೆಯ ಪರೀಕ್ಷೆ ಆಕಾಶದಲ್ಲೇ ನಡೆಯಬೇಕು.

ಅದಕ್ಕಾಗಿಯೇ ಪ್ರಾಯೋಗಿಕ ವಾಹನದ ಮೈತುಂಬ ಸಂವೇದಕಗಳನ್ನು ಅಳವಡಿಸಿರುತ್ತಾರೆ. ಎಲ್ಲಿ ಎಷ್ಟು ಬಿಸಿಯಾಯಿತು, ಯಾವ ಕೊಳವೆಯಲ್ಲಿ ಒತ್ತಡ ಕುಸಿಯಿತು, ಯಾವ ಭಾಗ ಎಷ್ಟು ನಡುಗಿತು ಎಂಬುದನ್ನು ಅವು ರೇಡಿಯೊ ಮೂಲಕ ನೆಲಕ್ಕೆ ತಿಳಿಸುತ್ತಲೇ ಇರುತ್ತವೆ. ವಾಹನ ಸಮುದ್ರಕ್ಕೆ ಬಿದ್ದರೂ ಆ ಮಾಹಿತಿ ನಮ್ಮ ಬಳಿ ಉಳಿಯುತ್ತದೆ. ಪ್ರಾಯೋಗಿಕ ಹಾರಾಟದ ನಿಜವಾದ ಫಸಲು ಅದೇ.

1979ರ ಫಸಲು ಹೇಳಿದ್ದೇನು? ಎರಡನೆಯ ಹಂತದ ನಿಯಂತ್ರಣ ವ್ಯವಸ್ಥೆ ನಡೆಯಬೇಕಾದರೆ ಕೆಂಪು ಹೊಗೆಯುಗುಳುವ ಪ್ರಬಲ ನೈಟ್ರಿಕ್ ಆಮ್ಲ ಬೇಕಿತ್ತು. ಉಡಾವಣೆಗೆ ಎಂಟು ನಿಮಿಷ ಇರುವಾಗ ನಡೆದ ಒಂದು ತಪಾಸಣೆಯಲ್ಲಿ ಆಮ್ಲದ ತೊಟ್ಟಿಯ ಕವಾಟವೊಂದು ತೆರೆದು ಮುಚ್ಚಬೇಕಿತ್ತು. ಕವಾಟದಲ್ಲಿ ಸೇರಿಕೊಂಡಿದ್ದ ಧೂಳಿನಿಂದಾಗಿ ಅದು ಪೂರ್ತಿ ಮುಚ್ಚಲಿಲ್ಲ. ಆಮ್ಲ ನೆಲದ ಮೇಲೇ ಸೋರಿಹೋಯಿತು. ಎರಡನೆಯ ಹಂತದ ಸರದಿ ಬಂದಾಗ ವಾಹನವನ್ನು ಹತೋಟಿಯಲ್ಲಿಡುವ ಶಕ್ತಿ ಉಳಿದಿರಲಿಲ್ಲ. ಸೋರಿಕೆ ಆಗಲೇ ಗಮನಕ್ಕೆ ಬಂದಿತ್ತೆಂದು, ಕಂಪ್ಯೂಟರ್ ಕ್ಷಣಗಣನೆಯನ್ನು ತಡೆದಿತ್ತೆಂದು, ಸಾಕಷ್ಟು ಆಮ್ಲ ಉಳಿದಿದೆಯೆಂಬ ತಜ್ಞರ ಮಾತನ್ನು ನಂಬಿ ಆ ತಡೆಯನ್ನು ದಾಟಿ ಉಡಾವಣೆಗೆ ಹೊರಟೆನೆಂದು ಕಲಾಂ ಅವರೇ ಅನಂತರ ಹೇಳಿಕೊಂಡಿದ್ದಾರೆ. ಅಂದರೆ ಸೋಲಿಗೆ ಕಾರಣ ಧೂಳು ಮಾತ್ರವಲ್ಲ. ಒಂದು ತೀರ್ಮಾನವೂ ಹೌದು. ಇದನ್ನು ಹೊಣೆ ಹೊತ್ತವರೇ ಬಾಯಿಬಿಟ್ಟು ಹೇಳಿದ್ದರಿಂದ ಮುಂದಿನ ಪೀಳಿಗೆಗೆ ಪಾಠ ಉಳಿಯಿತು. 2024ರಲ್ಲಿ ಚೆನ್ನೈನ ಅಗ್ನಿಕುಲ್ ಎಂಬ ಖಾಸಗಿ ಸಂಸ್ಥೆ ತನ್ನ ಪ್ರಾಯೋಗಿಕ ರಾಕೆಟ್ಟನ್ನು ಹಾರಿಸಲು ಹೊರಟಾಗ ನಾಲ್ಕು ಬಾರಿ ಉಡಾವಣೆಯನ್ನು ತಡೆಹಿಡಿಯಿತು. ಐದನೆಯ ಪ್ರಯತ್ನದಲ್ಲಿ, ಮೇ 30ರಂದು, ಅದು ಹಾರಿತು. ‘ಇವತ್ತು ಬೇಡ’ ಎನ್ನುವುದೂ ರಾಕೆಟ್ ವಿದ್ಯೆಯ ಒಂದು ಭಾಗವೇ.

ಧವನ್ ಅವರ ನಂತರ ಇಸ್ರೊ ಚುಕ್ಕಾಣಿ ಹಿಡಿದವರು ಉಡುಪಿ ಬಳಿಯ ಅದಮಾರಿನ ಯು.ಆರ್. ರಾವ್. ಅವರ ಪಾಲಿಗೆ ಬಂದದ್ದು ಇನ್ನೂ ಕಠಿಣ ಕಾಲ. ಎಎಸ್‌ಎಲ್‌ವಿಯ ಮೊದಲ ಹಾರಾಟ 1987ರ ಮಾರ್ಚ್ 24ರಂದು ವಿಫಲವಾಯಿತು. ಪಕ್ಕದ ಎರಡು ಮೋಟಾರುಗಳು ಉರಿದು ಮುಗಿದ ಮೇಲೆ ನಡುವಿನ ಮೊದಲ ಹಂತ ಹೊತ್ತಿಕೊಳ್ಳಲೇ ಇಲ್ಲ. 1988ರ ಜುಲೈ 13ರಂದು ನಡೆದ ಎರಡನೆಯ ಹಾರಾಟವೂ ವಿಫಲವಾಯಿತು. ಈ ಸಲ ಪಕ್ಕದ ಮೋಟಾರುಗಳ ಬಲ ಕುಗ್ಗಿ ಮೊದಲ ಹಂತ ಪೂರ್ಣ ಬಲ ಪಡೆಯುವುದರ ನಡುವಿನ ಕಿರು ಅವಧಿಯಲ್ಲಿ, ಗಾಳಿಯ ಒತ್ತಡ ತೀವ್ರವಾಗಿದ್ದಾಗಲೇ, ವಾಹನ ಹತೋಟಿ ತಪ್ಪಿತು. ಎರಡು ಸೋಲುಗಳ ನಂತರ ಇಸ್ರೊ ಅವಸರಪಡಲಿಲ್ಲ. ಮೂರನೆಯ ಹಾರಾಟಕ್ಕೆ ಸುಮಾರು ನಾಲ್ಕು ವರ್ಷ ತೆಗೆದುಕೊಂಡಿತು. ವಾಹನಕ್ಕೆ ರೆಕ್ಕೆಗಳನ್ನು ಜೋಡಿಸಿತು. ಗಡಿಯಾರದ ಲೆಕ್ಕದಲ್ಲಿ ಅಲ್ಲ, ಪಕ್ಕದ ಮೋಟಾರುಗಳ ಬಲ ಕುಗ್ಗುವುದನ್ನು ಅಳೆದು ಮೊದಲ ಹಂತವನ್ನು ಹೊತ್ತಿಸುವ ವ್ಯವಸ್ಥೆ ರೂಪಿಸಿತು. 1992ರ ಮೇ 20ರಂದು ಉಪಗ್ರಹ ಕಕ್ಷೆ ಸೇರಿತು.

ಮರುವರ್ಷ, 1993ರ ಸೆಪ್ಟೆಂಬರ್ 20ರಂದು, ಪಿಎಸ್‌ಎಲ್‌ವಿಯ ಮೊದಲ ಹಾರಾಟವೂ ಸೋತಿತು. ಹಂತವೊಂದು ಕಳಚುವಾಗ ಉಂಟಾದ ಅಲುಗಾಟ ಮತ್ತು ನಿಯಂತ್ರಣ ತಂತ್ರಾಂಶದಲ್ಲಿ ಅಡಗಿದ್ದ ದೋಷ ಎರಡೂ ಸೇರಿ ವಾಹನವನ್ನು ಕೆಡವಿದವು. 1994ರ ಅಕ್ಟೋಬರ್ 15ರಂದು ಅದು ಗೆದ್ದಿತು. ಮುಂದೆ ಚಂದ್ರಯಾನ-1, ಮಂಗಳಯಾನಗಳನ್ನು ಹೊತ್ತ ಪಿಎಸ್‌ಎಲ್‌ವಿಯ ಕೀರ್ತಿಯ ಅಡಿಪಾಯದಲ್ಲಿ ಈ ಸೋಲುಗಳ ಕಲ್ಲುಗಳೂ ಇವೆ.

ಇದೆಲ್ಲ ಹಳೆಯ ಕಥೆಯೆನ್ನುವವರಿಗೆ ಹೊಸದೊಂದು ಉದಾಹರಣೆ ಇದೆ. ಸಣ್ಣ ಉಪಗ್ರಹಗಳಿಗಾಗಿ ರೂಪಿಸಿದ ಎಸ್‌ಎಸ್‌ಎಲ್‌ವಿಯ ಮೊದಲ ಹಾರಾಟ ನಡೆದದ್ದು 2022ರ ಆಗಸ್ಟ್ 7ರಂದು. ಸರ್ಕಾರಿ ಶಾಲೆಗಳ 750 ಹೆಣ್ಣುಮಕ್ಕಳ ಕೈಕೆಲಸ ಸೇರಿದ್ದ ಆಜಾದಿಸ್ಯಾಟ್ ಎಂಬ ಪುಟ್ಟ ಉಪಗ್ರಹವೂ ಅದರಲ್ಲಿತ್ತು. ಘನ ಇಂಧನದ ಮೂರೂ ಹಂತಗಳು ಸರಿಯಾಗಿಯೇ ಉರಿದವು. ಆದರೂ ಉಪಗ್ರಹಗಳು ಸೇರಿದ್ದು ಭೂಮಿಗೆ ಸುಮಾರು 76 ಕಿ.ಮೀ. ಸಮೀಪಕ್ಕೆ ಬರುವ ಕಕ್ಷೆಯನ್ನು. ಅಂಥ ಕಕ್ಷೆಯಲ್ಲಿ ಯಾವ ಉಪಗ್ರಹವೂ ಬಾಳಲಾರದು. ವಾತಾವರಣಕ್ಕೆ ತಗುಲಿ ನಾಶವಾಗುತ್ತದೆ.

ಕಾರಣವನ್ನು ಇಸ್ರೊ ವಿವರವಾಗಿ ಪ್ರಕಟಿಸಿತು. ಎರಡನೆಯ ಹಂತ ಕಳಚುವಾಗ ಅತ್ಯಲ್ಪ ಕಾಲ ನಿರೀಕ್ಷೆಗಿಂತ ಜೋರಾದ ಕಂಪನ ಉಂಟಾಯಿತು. ವೇಗದ ಬದಲಾವಣೆಯನ್ನು ಅಳೆಯುವ ಸಂವೇದಕಗಳು ಆ ಹೊಡೆತಕ್ಕೆ ಕ್ಷಣಕಾಲ ತಮ್ಮ ಅಳತೆಯ ಮಿತಿ ಮೀರಿದವು. ಅವು ಕೆಟ್ಟಿರಲಿಲ್ಲ, ಆದರೆ ದೋಷ ಪತ್ತೆಹಚ್ಚುವ ತಂತ್ರಾಂಶ ಅವು ಕೆಟ್ಟಿವೆಯೆಂದು ತೀರ್ಮಾನಿಸಿ ಬದಿಗೆ ಸರಿಸಿತು. ವಾಹನ ತುರ್ತು ವಿಧಾನಕ್ಕೆ ಹೊರಳಿತು. ಕೊನೆಗೆ ಕೊರತೆ ಬಿದ್ದ ವೇಗ ಸೆಕೆಂಡಿಗೆ ಸುಮಾರು 56 ಮೀಟರ್ ಮಾತ್ರ. ಸೆಕೆಂಡಿಗೆ ಏಳೂವರೆ ಕಿಲೊಮೀಟರಿಗೂ ಮೀರಿದ ವೇಗ ಬೇಕಾದಲ್ಲಿ ಈ ಅಲ್ಪ ಕೊರತೆಯೇ ಸೋಲಾಯಿತು. ಹಂತ ಬೇರ್ಪಡಿಸುವ ವ್ಯವಸ್ಥೆಯನ್ನೂ ತಂತ್ರಾಂಶದ ತರ್ಕವನ್ನೂ ಬದಲಿಸಿ 2023ರ ಫೆಬ್ರುವರಿ 10ರಂದು ಎರಡನೆಯ ಎಸ್‌ಎಸ್‌ಎಲ್‌ವಿ ಹಾರಿತು. ಆ ವಿದ್ಯಾರ್ಥಿನಿಯರ ಯೋಜನೆಯ ಮರುಜನ್ಮವಾದ ಆಜಾದಿಸ್ಯಾಟ್-2 ಈ ಬಾರಿ ಕಕ್ಷೆ ಸೇರಿತು.

ಈ ವಿವರಣೆಯ ಬೆಲೆಯನ್ನು ಆ ಹೆಣ್ಣುಮಕ್ಕಳ ಜಾಗದಲ್ಲಿ ನಿಂತು ಅಳೆಯಬೇಕು. ತಾವು ಮಾಡಿದ್ದು ಏಕೆ ಹಾಳಾಯಿತೆಂದು ಕೇಳಿದ ಮಗುವಿಗೆ ‘ತಾಂತ್ರಿಕ ದೋಷ’ ಎಂಬ ಎರಡೇ ಪದಗಳ ಉತ್ತರ ಸಿಕ್ಕರೆ ಅದು ವಿಜ್ಞಾನದ ಬಾಗಿಲಿನಿಂದ ಹಿಂದಿರುಗಬಹುದು. ಒಳ್ಳೆಯ ಸಂವೇದಕವನ್ನು ಕೆಟ್ಟದ್ದೆಂದು ಭಾವಿಸಿದ ತಂತ್ರಾಂಶದ ಕಥೆ ಕೇಳಿದರೆ, ಅದು ಒಳಗೆ ಬಂದು ಇನ್ನೊಂದು ಪ್ರಶ್ನೆ ಕೇಳುತ್ತದೆ.

ಇಂಥ ಪರಂಪರೆಯಿರುವ ಸಂಸ್ಥೆಯಿಂದಲೇ ಇತ್ತೀಚೆಗೆ ಬಂದ ಮೌನ ಆತಂಕ ಹುಟ್ಟಿಸುತ್ತದೆ. 2025ರ ಮೇ 18ರಂದು ಪಿಎಸ್‌ಎಲ್‌ವಿ-ಸಿ61ರ ಮೂರನೆಯ ಹಂತದಲ್ಲಿ ಮೋಟಾರಿನ ಒಳ ಒತ್ತಡ ಕುಸಿದು ಇಒಎಸ್-09 ಉಪಗ್ರಹ ಕಳೆದುಹೋಯಿತು. ಪರಿಶೀಲನೆಗೆ ಸಮಿತಿ ನೇಮಕವಾಯಿತು. 2026ರ ಜನವರಿ 12ರಂದು ಪಿಎಸ್‌ಎಲ್‌ವಿ-ಸಿ62 ಹಾರುವ ಹೊತ್ತಿಗೂ ಆ ಸಮಿತಿಯ ವರದಿ ಸಾರ್ವಜನಿಕರ ಮುಂದೆ ಬಂದಿರಲಿಲ್ಲ. ಆ ಹಾರಾಟವೂ ಮೂರನೆಯ ಹಂತದಲ್ಲೇ ದಾರಿ ತಪ್ಪಿತು. ಎರಡು ಸೋಲುಗಳಿಗೂ ಒಂದೇ ಕಾರಣವೆಂದು ಹೊರಗಿನವರು ಊಹಿಸುವುದು ತಪ್ಪು. ಆದರೆ ಊಹೆಗೆ ಎಡೆಮಾಡಿಕೊಟ್ಟದ್ದು ವಿವರಣೆಯ ಗೈರುಹಾಜರಿ ಎಂಬುದೂ ಸುಳ್ಳಲ್ಲ.

ಬಚ್ಚಿಡಲು ಕಾರಣಗಳಿಲ್ಲವೆಂದಲ್ಲ. ದೇಶದ ರಕ್ಷಣೆಗೆ ಸಂಬಂಧಿಸಿದ ಉಪಗ್ರಹಗಳಿರುತ್ತವೆ. ರಾಕೆಟ್ ತಂತ್ರಜ್ಞಾನಕ್ಕೂ ಕ್ಷಿಪಣಿ ತಂತ್ರಜ್ಞಾನಕ್ಕೂ ನಡುವಿನ ಗೋಡೆ ತೆಳುವಾದದ್ದು. ಜಾಗತಿಕ ಮಾರುಕಟ್ಟೆಯಲ್ಲಿ ಪ್ರತಿಸ್ಪರ್ಧಿಗಳು ಕಿವಿ ನಿಮಿರಿಸಿ ಕೂತಿರುತ್ತಾರೆ. ಈ ಮಾತುಗಳನ್ನು ತಳ್ಳಿಹಾಕುವಂತಿಲ್ಲ. ಆದರೆ ಉಪಗ್ರಹದ ಗುಟ್ಟು ಬೇರೆ, ವಾಹನ ಬಿದ್ದ ಕಾರಣ ಬೇರೆ. ಯಾವ ಬಿಡಿಭಾಗ ಎಲ್ಲಿ ತಯಾರಾಯಿತು, ಯಾವ ಮಿಶ್ರಣದ್ದು ಎಂಬುದನ್ನು ಹೇಳದೆಯೂ ಏನು ಕೆಟ್ಟಿತು, ಏನು ಬದಲಿಸಿದೆವು ಎಂದು ಹೇಳಲು ಸಾಧ್ಯ. ಎಸ್‌ಎಸ್‌ಎಲ್‌ವಿಯೂ ಮಾರುಕಟ್ಟೆಯನ್ನೇ ಕಣ್ಣೆದುರಿಗಿಟ್ಟು ಕಟ್ಟಿದ ವಾಹನ. ಅದರ ಸೋಲನ್ನು ಬಿಡಿಸಿ ಹೇಳಿದ್ದರಿಂದ ಗ್ರಾಹಕರ ನಂಬಿಕೆ ಕುಗ್ಗಲಿಲ್ಲ.

ಯುರೋಪಿನ ಉದಾಹರಣೆಯೂ ಇದೆ. 1996ರ ಜೂನ್ 4ರಂದು ಏರಿಯಾನ್-5 ರಾಕೆಟ್ ತನ್ನ ಮೊದಲ ಹಾರಾಟದಲ್ಲೇ, ನೆಲ ಬಿಟ್ಟು ನಿಮಿಷ ತುಂಬುವ ಮೊದಲೇ ಸ್ಫೋಟಿಸಿತು. ಹಿಂದಿನ ಏರಿಯಾನ್-4ರಿಂದ ಎತ್ತಿಕೊಂಡ ತಂತ್ರಾಂಶದ ಒಂದು ತುಣುಕು ಹೊಸ ವಾಹನದ ಹೆಚ್ಚಿನ ವೇಗದ ಸಂಖ್ಯೆಯನ್ನು ತನ್ನೊಳಗೆ ಹಿಡಿಸಿಕೊಳ್ಳಲಾರದೆ ಹೋದದ್ದು ಕಾರಣ. ಗಣಿತಜ್ಞ ಝಾಕ್-ಲೂಯಿ ಲಿಯೋನ್ಸ್ ನೇತೃತ್ವದ ಸಮಿತಿಯ ವರದಿ ಎರಡು ತಿಂಗಳೊಳಗೆ ಪ್ರಕಟವಾಯಿತು. ಇಂದಿಗೂ ತಂತ್ರಾಂಶ ಎಂಜಿನಿಯರಿಂಗ್ ಕಲಿಯುವವರಿಗೆ ಅದೊಂದು ಪಾಠ. ಏರಿಯಾನ್-5 ಮಾತ್ರ ಆ ನಂತರ ವರ್ಷಗಟ್ಟಲೆ ಜಗತ್ತಿನ ಅತ್ಯಂತ ನಂಬಿಕಸ್ಥ ವಾಹನಗಳಲ್ಲೊಂದಾಗಿ ದುಡಿಯಿತು. ನಮ್ಮ ದೇಶದ ಭಾರೀ ಸಂಪರ್ಕ ಉಪಗ್ರಹಗಳನ್ನೂ ಅದು ಹೊತ್ತೊಯ್ದಿದೆ.

ಈಗ ರಾಕೆಟ್ ಹಾರಿಸುವವರು ಇಸ್ರೊ ಒಂದೇ ಅಲ್ಲ. ಸ್ಕೈರೂಟ್, ಅಗ್ನಿಕುಲ್‌ನಂಥ ಖಾಸಗಿ ಸಂಸ್ಥೆಗಳು ಕಣಕ್ಕಿಳಿದಿವೆ. ಅವುಗಳ ಹಾರಾಟಗಳಲ್ಲಿಯೂ ಸೋಲು ಬರುವುದು ಸಹಜ. ಒಬ್ಬರ ಧೂಳು ಹಿಡಿದ ಕವಾಟ ಇನ್ನೊಬ್ಬರಿಗೆ ಎಚ್ಚರಿಕೆಯಾಗಬೇಕಾದರೆ ಸೋಲಿನ ಕಾರಣಗಳು ಹಂಚಿಕೆಯಾಗಬೇಕು. ಆ ಪದ್ಧತಿಯನ್ನು ಹಾಕಿಕೊಡಬೇಕಾದದ್ದು ಹಿರಿಯ ಸಂಸ್ಥೆಯಾದ ಇಸ್ರೊ. ಪ್ರತಿ ನಾಗರಿಕ ಉಡಾವಣೆಯ ವೈಫಲ್ಯದ ಬಗ್ಗೆಯೂ, ರಕ್ಷಣೆಗೆ ಸಂಬಂಧಿಸಿದ ಭಾಗವನ್ನು ಬಿಟ್ಟು, ಸಮಿತಿಯ ವರದಿಯ ಸಾರಾಂಶವನ್ನು ನಿಗದಿತ ಅವಧಿಯೊಳಗೆ ಪ್ರಕಟಿಸುವ ನಿಯಮ ಬರಬೇಕು. ಅದೇ ಮಾದರಿಯ ಮುಂದಿನ ವಾಹನ ಉಡಾವಣಾ ವೇದಿಕೆ ಏರುವ ಮುನ್ನವೇ ಅದು ಜನರ ಕೈಸೇರಬೇಕು. ಇದಕ್ಕೆ ಹೊಸ ಕಾಯ್ದೆಯೇ ಬೇಕೆಂದಿಲ್ಲ. ತಾನು 2023ರಲ್ಲಿ ಮಾಡಿದ್ದನ್ನೇ ಇಸ್ರೊ ಪರಿಪಾಠವಾಗಿಸಿಕೊಂಡರೆ ಸಾಕು.

ಉಡಾವಣೆಯ ದಿನ ದೂರದರ್ಶನದ ಮುಂದೆ ಕೂತು ಉಸಿರು ಬಿಗಿಹಿಡಿಯುವ ನಾವೂ ಒಂದು ಪಾಠ ಕಲಿಯಬೇಕಿದೆ. ಗೆದ್ದಾಗ ಕುಣಿದು, ಸೋತಾಗ ‘ಪರವಾಗಿಲ್ಲ, ಮುಂದಿನ ಸಲ’ ಎಂದು ಸಮಾಧಾನ ಹೇಳಿ ಎದ್ದುಹೋಗುವುದು ಪ್ರೀತಿಯೇನೋ ಹೌದು. ಆದರೆ ತೆರಿಗೆ ಕಟ್ಟುವ ಪ್ರಜೆಗೆ ಅದಕ್ಕಿಂತ ಹೆಚ್ಚಿನ ಕರ್ತವ್ಯವಿದೆ. ಏನಾಯಿತು ಎಂದು ಕೇಳುವುದು ವಿಜ್ಞಾನಿಗಳನ್ನು ಅವಮಾನಿಸಿದಂತಲ್ಲ. ಹಾರಾಟ ಮುಗಿದ ಮರುಗಳಿಗೆ ಅವರು ತಮ್ಮ ತಮ್ಮಲ್ಲೇ ಕೇಳಿಕೊಳ್ಳುವ ಮೊದಲ ಪ್ರಶ್ನೆಯೂ ಅದೇ.